ತುಂಬಾದಿಂದ ಅಪ್ಪನಿಗೆ

ತಿರುವನಂತಪುರ,
ಭಾನುವಾರ ರಾತ್ರಿ

ಅಪ್ಪಾ,

ಇವತ್ತು ತುಂಬಾಕ್ಕೆ ಹೋಗಿದ್ದೆ. ಕಡಲದಂಡೆಯ ಹಳೆಯ ಚರ್ಚು ಈಗ ಬಾಹ್ಯಾಕಾಶ ಮ್ಯೂಸಿಯಂ. 1963ರ ನವೆಂಬರ್ 21ರ ಸಂಜೆ ನಮ್ಮ ನೆಲದಿಂದ ಬಾಹ್ಯಾಕಾಶಕ್ಕೆ ಮೊದಲ ರಾಕೆಟ್ ಹಾರಿದ್ದು ಇಲ್ಲಿಂದಲೇ. ವಿಜ್ಞಾನಿ ಸಾರಾಭಾಯಿಯವರು ಈ ಬೆಸ್ತರ ಊರನ್ನೇ ಆರಿಸಿದ್ದಕ್ಕೆ ಕಾರಣ, ಕಾಂತೀಯ ಸಮಭಾಜಕ ರೇಖೆ ಇದರ ಹತ್ತಿರವೇ ಹಾಯುತ್ತಿದ್ದದ್ದು. ಕಾಂತದ ಮುಳ್ಳನ್ನು ಮೇಲೆ ಕೆಳಗೆ ಆಡುವಂತೆ ತೂಗುಬಿಟ್ಟರೆ ಕಾಂತ ಧ್ರುವದಲ್ಲಿ ಅದು ನೆಟ್ಟಗೆ ನಿಲ್ಲುತ್ತದೆ. ಈ ರೇಖೆಯ ಮೇಲೆ ಚಾಪೆಯ ಮೇಲೆ ಮಲಗಿದಂತೆ ಅಡ್ಡಕ್ಕಿರುತ್ತದೆ.

ಆಗ ನಿಮ್ಮ ರೇಡಿಯೋ ನೆನಪಾಯಿತು. ಶಾರ್ಟ್‌ವೇವ್‌ನಲ್ಲಿ ಚೆನ್ನಾಗಿ ಬರುತ್ತಿದ್ದ ರೇಡಿಯೋ ಸಿಲೋನ್ ಒಮ್ಮೊಮ್ಮೆ ಸುಮ್ಮನೆ ಕರಗಿಹೋಗುತ್ತಿತ್ತು. ನೀವು ಏರಿಯಲ್ ತಂತಿ ಸರಿಮಾಡಲು ಮಾವಿನ ಮರ ಹತ್ತುತ್ತಿದ್ದಿರಿ. ತಪ್ಪು ಎಲ್ಲ ಸಲವೂ ತಂತಿಯದಲ್ಲ ಅಪ್ಪಾ.

ಆ ರೇಡಿಯೋ ಅಲೆಗಳು ತಟ್ಟಿ ಹಿಂದಿರುಗುವ ಚಾವಣಿಯೇ ಅಯಾನುಗೋಳ. ಇಲ್ಲಿ ಸುಮಾರು 105 ಕಿ.ಮೀ. ಎತ್ತರದಲ್ಲಿ ಹಗಲೆಲ್ಲ ವಿದ್ಯುತ್ತಿನ ಹೊಳೆಯೊಂದು ಪೂರ್ವಕ್ಕೆ ಹರಿಯುತ್ತದೆ. ಅದನ್ನು ಹರಿಸುವ ವಿದ್ಯುತ್ ಕ್ಷೇತ್ರವೇ, ಮಲಗಿದ ಕಾಂತ ರೇಖೆಗಳ ಜೊತೆ ಸೇರಿ, ಇನ್ನೂ ಮೇಲಿನ ಅಯಾನುಗಳನ್ನು ಎತ್ತಿ ಕಾರಂಜಿಯಂತೆ ಚಿಮ್ಮಿಸುತ್ತದೆ. ಅವು ಕಾಂತೀಯ ಸಮಭಾಜಕ ರೇಖೆಯ ಎರಡೂ ಬದಿಗೆ, ಸುಮಾರು 15 ಡಿಗ್ರಿ ದೂರದಲ್ಲಿ ಇಳಿದು ದಟ್ಟವಾಗುತ್ತವೆ.

ಸೂರ್ಯನಿಂದ ಹೊರಟ ಬಿರುಗಾಳಿ ಬಂದು ಭೂಮಿಯ ಕಾಂತಕ್ಕೆ ಬಡಿದಾಗ, ಧ್ರುವದ ಕಡೆ ಎದ್ದ ವಿದ್ಯುತ್ ಕ್ಷೇತ್ರ ಕೆಲವೇ ನಿಮಿಷದಲ್ಲಿ ಇಲ್ಲಿಗೂ ತಲಪುತ್ತದೆ. ಹಗಲಾಗಿದ್ದರೆ ಕಾರಂಜಿ ಇನ್ನೂ ಎತ್ತರಕ್ಕೆ ಜಿಗಿಯುತ್ತದೆ, ರೇಖೆಯ ಮೇಲೆ ಅಯಾನುಗಳ ಸಾಂದ್ರತೆ ಕುಸಿಯುತ್ತದೆ. ಕೆಲವು ಗಂಟೆಗಳ ಬಳಿಕ ಧ್ರುವದಲ್ಲಿ ಕಾದ ಗಾಳಿ ಇತ್ತ ಬೀಸಿ, ಕ್ಷೇತ್ರದ ದಿಕ್ಕನ್ನೇ ತಿರುಗಿಸಿ, ಅದೇ ಕಾರಂಜಿಯನ್ನು ಅದುಮುತ್ತದೆ. ಒಂದೇ ಬಿರುಗಾಳಿ ಮೊದಲು ಎತ್ತಿ, ಆಮೇಲೆ ಕೆಡಹುವುದು ನನ್ನನ್ನು ತುಂಬ ಕಾಡಿತು. ಮುಸ್ಸಂಜೆಗೆ ಈ ಬಿರುಗಾಳಿಯಿಂದ ಅಯಾನುಗೋಳದಲ್ಲಿ ಗುಳ್ಳೆಗಳೆದ್ದರೆ ಜಿಪಿಎಸ್ ಸಂಕೇತವೂ ಮಿಣುಕುತ್ತದೆ.

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಇಂಥದೇ ಬಿರುಗಾಳಿಯಿಂದ ಆಕಾಶ ಕೆಂಪಾದ ಫೋಟೋ ನಿಮಗೆ ಕಳಿಸಿದ್ದೆನಲ್ಲ. ದಕ್ಷಿಣಕ್ಕೆ ಆ ಬಣ್ಣ ಬರುವುದಿಲ್ಲ. ನಮ್ಮ ಪಾಲಿಗೆ ಆ ಬಿರುಗಾಳಿ ಬರುವುದು ರೇಡಿಯೋದ ಕರಗುವ ದನಿಯಾಗಿ.

ಸಂಜೆ ಮರಳಿನ ಮೇಲೆ ಕೂತು ಬಹಳ ಹೊತ್ತು ಮೇಲೆ ನೋಡಿದೆ. ಬರೀ ನಕ್ಷತ್ರ.

ಅಟ್ಟದ ಮೇಲಿನ ರೇಡಿಯೋವನ್ನು ಗುಜರಿಗೆ ಹಾಕಲು ಅಮ್ಮನಿಗೆ ಬಿಡಬೇಡಿ. ನಾನು ಬಂದ ಮೇಲೆ, ಸೂರ್ಯನ ಬಿರುಗಾಳಿಯ ಮುನ್ಸೂಚನೆ ಇರುವ ದಿನ ಇಬ್ಬರೂ ಕೂತು ಕೇಳೋಣ.

ನಿಮ್ಮ,
ಪುಟ್ಟಿ