ತೆಂಗಿನಕಾಯಿಗೆ ಗುರಿ

ಸಾಲಿಗ್ರಾಮದಲ್ಲಿ ನಾನು ಕೇಳಿ ಬೆಳೆದದ್ದು ದೇವಸ್ಥಾನದ ಗಂಟೆಯನ್ನು, ಕೋವಿಯ ಸದ್ದನ್ನಲ್ಲ. ಸಹೋದ್ಯೋಗಿಯೊಬ್ಬರು ಸೆಪ್ಟೆಂಬರ್ 3ರ ಕೈಲ್ ಪೊಳ್ದ್ ಹಬ್ಬಕ್ಕೆ ಕೊಡಗಿನ ತಮ್ಮ ಮನೆಗೆ ಕರೆದಾಗ ಒಳಗೊಳಗೇ ಅಳುಕು.

ನಾಟಿ ಮುಗಿದ ಮೇಲೆ ಬರುವ ಆಯುಧಪೂಜೆ ಅದು. ಅಜ್ಜನ ಕಾಲದ ಕೇಪಿನ ಕೋವಿ, ಒಡಿಕತ್ತಿಗಳಿಗೆ ತೋಕ್ ಪೂವಿನ ಅಲಂಕಾರ. ನೋಡಿದರೆ ನಮ್ಮ ಬೇಲಿಯ ಗೌರಿ ಹೂವೇ! ಗಂಡಸರು ಕಪ್ಪು ಕುಪ್ಯ ತೊಟ್ಟು, ಕೆಂಪು ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿ ನಿಂತರೆ ಹಳೆಯ ಸೈನ್ಯವೇ ಎದ್ದುಬಂದಂತಿತ್ತು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿಯಿಲ್ಲದೆ ಅಲ್ಲಿ ಬದುಕಿಲ್ಲ. ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ಲೈಸೆನ್ಸ್ ವಿನಾಯಿತಿಯನ್ನು 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು.

ಕಡಂಬುಟ್ಟಿನ ಊಟವಾಯಿತು. ಮೈದಾನದಲ್ಲಿ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಹೆಂಗಸರೂ ಸಾಲಿನಲ್ಲಿ ನಿಂತಿದ್ದರು. "ನೀವೂ ಒಂದು ಹೊಡೀರಿ ಟೀಚರೇ" ಎಂದರು ಮನೆಯ ಅಜ್ಜಿ.

ಕಾಲೇಜಿನಲ್ಲಿ ಎನ್‌ಸಿಸಿಗೆ ಹೆಸರು ಕೊಟ್ಟಿದ್ದೆ. "ನಿನಗ್ಯಾಕಮ್ಮ ಬಂದೂಕು?" ಎಂದು ಅಪ್ಪ ಹೆಸರು ತೆಗೆಸಿದ್ದರು. ನಾನೂ ತುಟಿಪಿಟಿಕ್ಕೆನ್ನಲಿಲ್ಲ.

ಸೆರಗು ಸಿಕ್ಕಿಸಿ ನಿಂತೆ. ಅಜ್ಜಿ ಹಿಡಿಯನ್ನು ನನ್ನ ಹೆಗಲಿಗೆ ಒತ್ತಿ ಕೂರಿಸಿದರು. ಢಂ! ಕಾಯಿ ಅಲುಗಲೂ ಇಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ. ಕಣ್ಣು ಮಾತ್ರ ತುಂಬಿಬಂತು.

ಪಿರಿಯಾಪಟ್ಟಣ ದಾಟುವಾಗ ಹೆಗಲ ನೋವಿನ ಜೊತೆಗೆ ಇನ್ನೊಂದು ನೆನಪೂ ಚುಚ್ಚಿತು. ಕಬಡ್ಡಿಗೆ ಸೇರುತ್ತೇನೆಂದ ಒಂಬತ್ತನೇ ತರಗತಿಯ ಹುಡುಗಿಗೆ "ನಿನಗ್ಯಾಕೆ ಅದೆಲ್ಲ?" ಎಂದಿದ್ದವಳು ನಾನೇ. ಅಪ್ಪನ ಮಾತು ನನ್ನ ಬಾಯಲ್ಲಿ!

ಮರುದಿನ ಹಾಜರಿ ಕರೆಯುವ ಮೊದಲೇ ಅವಳ ಹೆಸರು ಪಟ್ಟಿಗೆ ಸೇರಿಸಿದೆ.