ಲಾವುಗೆಯ ದ್ವೀಪ: ಸಿರಾಕ್ಯೂಸ್ ಪಟ್ಟಣದ ಸಂದರ್ಶನ

ಮೆಡಿಟರೇನಿಯನ್ ಸಮುದ್ರದ ದ್ವೀಪಗಳಲ್ಲೆಲ್ಲ ದೊಡ್ಡದು ಸಿಸಿಲಿ. ಇಟಲಿ ದೇಶದ ದಕ್ಷಿಣಾಗ್ರಕ್ಕೆ ಸಮೀಪದಲ್ಲಿ ತ್ರಿಕೋಣಾಕಾರವಾಗಿ ಹರಡಿರುವ ಈ ದ್ವೀಪದ ಪೂರ್ವತೀರದಲ್ಲಿ ಸಿರಾಕ್ಯೂಸ್ ಎಂಬ ರೇವುಪಟ್ಟಣವುಂಟು. ಪಟ್ಟಣದ ಹಳೆಯ ಭಾಗವು ತಾನೇ ಒಂದು ಚಿಕ್ಕ ದ್ವೀಪ. ಅದರ ಹೆಸರು ಓರ್ತೀಜಿಯ. ಉದ್ದ ಸುಮಾರು ಒಂದು ಕಿಲೋಮೀಟರು, ಅಗಲ ಅದರ ಅರ್ಧದಷ್ಟು. ಮಧ್ಯೆ ಇರುವ ಕಿರುಗಾಲುವೆಯನ್ನು ಸೇತುವೆಯಿಂದ ದಾಟಿದರೆ ದೊಡ್ಡ ನೆಲ. ಇಷ್ಟು ಸಣ್ಣ ಸ್ಥಳದಲ್ಲಿ ಎರಡು ಸಾವಿರದ ಏಳುನೂರು ವರ್ಷಗಳಿಗೂ ಮೇಲ್ಪಟ್ಟು ಜನರ ಸಂಸಾರವು ಎಡೆಬಿಡದೆ ನಡೆದು ಬಂದಿದೆ. ಕ್ರಿ. ಪೂ. 734ರ ಸುಮಾರಿಗೆ ಕಾರಿಂಥ್ ಪಟ್ಟಣದ ಗ್ರೀಕರು ಬಂದು ಇಲ್ಲಿ ಊರು ಕಟ್ಟಿದರು.

ಓರ್ತೀಜಿಯ ಎಂಬ ಹೆಸರಿಗೆ ಲಾವುಗೆ ಹಕ್ಕಿಯ ದ್ವೀಪವೆಂದು ಅರ್ಥ ಹೇಳುವರು. ಗ್ರೀಕ್ ಭಾಷೆಯಲ್ಲಿ ಆ ಹಕ್ಕಿಗೆ ಓರ್ತುಕ್ಸ್ ಎಂದು ಹೆಸರು. ನಮ್ಮ ಸಂಸ್ಕೃತದ ವರ್ತಕ, ವರ್ತಿಕಾ ಎಂಬ ಶಬ್ದಗಳೂ ಅದೂ ಒಂದೇ ಮೂಲದಿಂದ ಹುಟ್ಟಿದ ಸೋದರ ಶಬ್ದಗಳೆಂಬುದು ಭಾಷಾಶಾಸ್ತ್ರಜ್ಞರ ಮತ. ತೋಳನ ಬಾಯಿಗೆ ಸಿಕ್ಕಿದ ವರ್ತಿಕೆಯನ್ನು ಅಶ್ವಿನೀದೇವತೆಗಳು ಬಿಡಿಸಿದರೆಂಬ ಪ್ರಸ್ತಾಪವು ಋಗ್ವೇದದಲ್ಲಿ ಬರುತ್ತದೆ. ಈ ಊರಿನ ಚರಿತ್ರೆಯನ್ನು ನೋಡಿದರೆ ಆ ಕಥೆಯು ಇದಕ್ಕೂ ಒಪ್ಪುವಂತೆ ತೋರುವುದು. ಅಥೆನ್ಸಿನವರು, ರೋಮನರು, ಅರಬರು, ನಾರ್ಮನ್ನರು, ಸ್ಪೇನಿನವರು ಹೀಗೆ ಒಬ್ಬರಾದ ಮೇಲೊಬ್ಬರು ಇದರ ಮೇಲೆ ಬಿದ್ದರು. 1693ರ ಭೂಕಂಪವು ಬೇರೆ ಬಂತು. ಆದರೂ ಹಕ್ಕಿ ಬದುಕಿದೆ. ಅದು ಹೇಗೆ ಬದುಕಿತೆಂಬುದನ್ನು ಕಣ್ಣಾರೆ ಕಂಡದ್ದೇ ನಮ್ಮ ಪ್ರವಾಸದ ಫಲ.

ಕಟಾನಿಯ ಪಟ್ಟಣದಿಂದ ಇಲ್ಲಿಗೆ ರೈಲಿನಲ್ಲಿ ಒಂದು ಗಂಟೆಗೆ ಸ್ವಲ್ಪ ಮೇಲ್ಪಟ್ಟ ಪ್ರಯಾಣ. ಎಟ್ನಾ ಎಂಬ ಅಗ್ನಿಪರ್ವತವು ಹಿಂದೆ ಉಳಿಯುತ್ತದೆ. ಬಲಗಡೆ ನಿಂಬೆ ಕಿತ್ತಳೆಗಳ ತೋಟ, ಎಡಗಡೆ ಸಮುದ್ರ. ನಡುವೆ ಅಗುಸ್ತ ಎಂಬ ಬಂದರಿನ ಬಳಿ ಮಾತ್ರ ಎಣ್ಣೆ ಶುದ್ಧಿಮಾಡುವ ಕಾರ್ಖಾನೆಗಳ ಹೊಗೆಕೊಳವೆಗಳು ಮೈಲಿಗಟ್ಟಲೆ ನಿಂತಿವೆ. 1950ರ ಸುಮಾರಿನಿಂದ ಬೆಳೆದ ಈ ಉದ್ಯಮವು ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಆ ತೀರದ ನೀರನ್ನೂ ಗಾಳಿಯನ್ನೂ ಕೆಡಿಸಿತು. ನೋಡಲು ಹೋದವರು ಇದನ್ನೂ ನೋಡಬೇಕು.

ಸೇತುವೆಯನ್ನು ದಾಟಿ ಓರ್ತೀಜಿಯಕ್ಕೆ ಕಾಲಿಟ್ಟೊಡನೆ ಎದುರಿಗೆ ಸಿಕ್ಕುವುದು ಅಪೋಲೋ ದೇವನ ಗುಡಿಯ ಅವಶೇಷ. ಕ್ರಿ. ಪೂ. 6ನೆಯ ಶತಮಾನದ್ದು, ಸಿಸಿಲಿಯ ಕಲ್ಲುಗುಡಿಗಳಲ್ಲಿ ಅತಿ ಪ್ರಾಚೀನವಾದವುಗಳಲ್ಲಿ ಒಂದು. ಇದು ಕ್ರಮವಾಗಿ ಇಗರ್ಜಿಯಾಯಿತು, ಮಸೀದಿಯಾಯಿತು, ಪುನಃ ಇಗರ್ಜಿಯಾಯಿತು, ಕೊನೆಗೆ ಸಿಪಾಯಿಗಳ ಬಿಡಾರವಾಯಿತು. ಈಗ ಮೋಟುಗಂಬಗಳೂ ಒಂದು ಗೋಡೆಯೂ ಉಳಿದಿವೆ. ಅದರ ಮಗ್ಗುಲಲ್ಲೇ ಬೆಳಗ್ಗೆ ಸಂತೆ ಕೂಡುತ್ತದೆ. ಮೀನುಗಾರರ ಕೂಗು, ರಾಶಿ ಹಾಕಿದ ನಿಂಬೆಹಣ್ಣು, ಒಣಗಿಸಿದ ಟೊಮೇಟೊ, ನೆರೆಯ ಆವೊಲದಿಂದ ಬಂದ ಬಾದಾಮಿ ಇವುಗಳ ನಡುವೆ ಹಾದುಹೋಗುವವನಿಗೆ ಹಾಳೂರಿಗೆ ಬಂದೆನೆಂಬ ಭಾವನೆ ಹುಟ್ಟಲಾರದು.

ಅಲ್ಲಿಂದ ಇಕ್ಕಟ್ಟಾದ ಓಣಿಗಳಲ್ಲಿ ಹತ್ತು ನಿಮಿಷ ನಡೆದರೆ ಒಮ್ಮೆಗೇ ವಿಶಾಲವಾದ ಚೌಕವೊಂದು ತೆರೆದುಕೊಳ್ಳುವುದು. ನೆಲವೂ ಮನೆಗಳೂ ಜೇನಿನ ಬಣ್ಣದ ಸುಣ್ಣಗಲ್ಲಿನವು. ಇಲ್ಲಿ ಊರಿನ ಮುಖ್ಯ ಇಗರ್ಜಿಯಿದೆ. ಮುಂಭಾಗವು ಭೂಕಂಪದಲ್ಲಿ ಬಿದ್ದುಹೋದುದರಿಂದ 1728ರಿಂದ 1753ರವರೆಗೆ ಆಂದ್ರೇಯ ಪಾಲ್ಮ ಎಂಬ ಶಿಲ್ಪಿಯ ಯೋಜನೆಯಂತೆ ಹೊಸದಾಗಿ ಕಟ್ಟಿದರು, ಸಾಲಂಕೃತವಾದ ಕಟ್ಟಡ. ಆದರೆ ಪಕ್ಕದ ಓಣಿಗೆ ತಿರುಗಿ ಗೋಡೆಯನ್ನು ನೋಡಿದರೆ ಆಶ್ಚರ್ಯ ಕಾದಿದೆ. ಗೀರುಗೀರಾದ ಭಾರಿ ಗ್ರೀಕ್ ಕಂಬಗಳು ಗೋಡೆಯೊಳಗಿಂದ ಅರ್ಧ ಹೊರಚಾಚಿ ನಿಂತಿವೆ. ಇದು ಮೂಲತಃ ಅಥೀನಾ ದೇವಿಯ ಆಲಯ. ಕ್ರಿ. ಪೂ. 480ರಲ್ಲಿ ಹಿಮೆರ ಎಂಬಲ್ಲಿ ಕಾರ್ಥೇಜಿನವರನ್ನು ಗೆದ್ದ ಗೆಲೋನನ ಕಾಲದ್ದು. ಇದರ ನೆತ್ತಿಯ ಮೇಲಿದ್ದ ದೇವಿಯ ಗುರಾಣಿಯು ಹೊಳೆಯುತ್ತಿದ್ದು, ದೂರದ ನಾವಿಕರಿಗೆ ಗುರುತಾಗಿತ್ತೆಂದು ಪ್ರಾಚೀನರು ಬರೆದಿರುವರು. ದಂತ ಸುವರ್ಣಗಳ ಕೆಲಸವಿದ್ದ ಬಾಗಿಲುಗಳನ್ನು ವೆರ್ರೆಸ್ ಎಂಬ ರೋಮನ್ ಅಧಿಕಾರಿ ಸುಲಿದನು. ಸಿಸಿರೋ ಅವನ ಮೇಲೆ ಮೊಕದ್ದಮೆ ಹೂಡಿದಾಗ ಇದನ್ನೂ ಎತ್ತಿ ಆಡಿದನು.

ಕ್ರಿ. ಶ. 7ನೆಯ ಶತಮಾನದಲ್ಲಿ ಇದು ಇಗರ್ಜಿಯಾಯಿತು. ಗರ್ಭಗುಡಿಯ ಎರಡು ಗೋಡೆಗಳಲ್ಲಿ ಕಮಾನುಗಳನ್ನು ಕೊರೆದರು. ಹೊರಗಣ ಕಂಬಗಳ ನಡುವಣ ತೆರಪನ್ನು ಕಲ್ಲಿನಿಂದ ಮುಚ್ಚಿದರು. ಇಷ್ಟೇ ಮಾಡಿದ್ದು. ಅಥೀನಾ ಕನ್ಯಾದೇವಿ ಇದ್ದ ಕಡೆ ಕನ್ಯೆಯಾದ ಮೇರಿಯಮ್ಮ ಬಂದಳು. ನಾವು ಒಳಹೊಕ್ಕಾಗ ಒಬ್ಬ ಮುದುಕಿಯು ಮೊಣಕಾಲೂರಿ ಜಪಮಣಿ ಎಣಿಸುತ್ತ, ಎದ್ದೇಳುವಾಗ ಆ ಹಳೆಯ ಕಂಬವನ್ನು ಕೈಯಿಂದ ಆತುಕೊಂಡಳು. ಎರಡೂವರೆ ಸಾವಿರ ವರ್ಷಗಳಿಂದ ಎಷ್ಟು ಕೈಗಳು ಹಾಗೆಯೇ ಆತುಕೊಂಡಿರಬಹುದು! ಅಪೋಲೋವಿನ ಗುಡಿ ಸಿಪಾಯಿಗಳ ಪಾಲಾಗಿ ಕೆಟ್ಟಿತು; ಅಥೀನೆಯ ಗುಡಿಯಲ್ಲಿ ದೀಪ ಆರಲಿಲ್ಲ, ಆದಕಾರಣ ಮಾಡು ಬೀಳಲಿಲ್ಲ.

ಚೌಕದಿಂದ ಇಳಿದುಹೋದರೆ ಸಮುದ್ರದ ದಂಡೆಯಲ್ಲಿ ಆರೆಥೂಸ ಎಂಬ ಬುಗ್ಗೆ. ಉಪ್ಪುನೀರಿಗೆ ಕೆಲವೇ ಹೆಜ್ಜೆಗಳ ಅಂತರದಲ್ಲಿ ಬಂಡೆಯ ಬುಡದಿಂದ ಚಿಮ್ಮುವ ಒರತೆ. ಕೊಳದಲ್ಲಿ ಬಾತುಗಳು, ಎತ್ತರವಾಗಿ ಬೆಳೆದ ಪಪೈರಸ್ ಜೊಂಡು. ಗ್ರೀಸಿನ ಆಲ್ಫಿಯಸ್ ಎಂಬ ನದಿಯು ಆರೆಥೂಸ ಎಂಬ ಅಪ್ಸರೆಯನ್ನು ಮೋಹಿಸಿ ಬೆನ್ನಟ್ಟಲು, ಅವಳು ನೀರಾಗಿ ಸಮುದ್ರದಡಿಯಲ್ಲಿ ಹರಿದು ಇಲ್ಲಿ ಮೇಲೆದ್ದಳೆಂಬುದು ಸ್ಥಳಪುರಾಣ. ಇಂಗ್ಲಿಷರ ನೌಕಾಧಿಪತಿಯಾದ ನೆಲ್ಸನ್ 1798ರ ಜುಲೈ ತಿಂಗಳಲ್ಲಿ ತನ್ನ ಹಡಗುಗಳನ್ನು ಈ ಬಂದರಿನಲ್ಲಿ ನಿಲ್ಲಿಸಿ ನೀರು ತುಂಬಿಸಿಕೊಂಡು ಹೋಗಿ, ಆಗಸ್ಟ್ 1ರಂದು ಈಜಿಪ್ಟಿನ ತೀರದಲ್ಲಿ ಫ್ರೆಂಚರ ನೌಕಾಬಲವನ್ನು ನಾಶಮಾಡಿದನು. ಈಜಿಪ್ಟಿನಲ್ಲಿ ಸಿಕ್ಕಿಕೊಂಡ ನೆಪೋಲಿಯನ್ 1799ರ ಜನವರಿಯಲ್ಲಿ ಟಿಪ್ಪೂ ಸುಲ್ತಾನನಿಗೆ ಬರೆದ ಕಾಗದವು ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಅದೇ ವರ್ಷ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅಷ್ಟು ದೂರದ ಈ ರೇವಿಗೂ ನಮ್ಮ ಸೀಮೆಯ ಕಥೆಗೂ ಇಂಥದೊಂದು ಎಳೆಯುಂಟು.

ದ್ವೀಪದ ತೆಂಕಣ ತುದಿಯಲ್ಲಿ ಚಕ್ರವರ್ತಿ ಎರಡನೆಯ ಫ್ರೆಡರಿಕನು 13ನೆಯ ಶತಮಾನದಲ್ಲಿ ಕಟ್ಟಿಸಿದ ಮನಿಯಾಚೆ ಕೋಟೆಯಿದೆ. ಸಂಜೆಯ ಗಾಳಿಗೆ ಒಳ್ಳೆಯ ಸ್ಥಳ. ಅದಕ್ಕಿಂತ ಹೆಚ್ಚು ಹೇಳಬೇಕಾದುದಿಲ್ಲ.

ಮರುದಿನ ಸೇತುವೆ ದಾಟಿ ದೊಡ್ಡ ನೆಲದ ಕಡೆಗೆ ಹೋದೆವು. ಅಲ್ಲಿ ಗುಡ್ಡದ ಇಳಿಜಾರನ್ನೇ ಕೊರೆದು ಮಾಡಿದ ಗ್ರೀಕರ ನಾಟಕಶಾಲೆಯಿದೆ. ಅರ್ಧಚಂದ್ರಾಕಾರವಾಗಿ ಒಂದರ ಮೇಲೊಂದು ಮೆಟ್ಟಿಲುಸಾಲು. ಅಡ್ಡಳತೆ ಸುಮಾರು 138 ಮೀಟರು. ಈಸ್ಕಿಲಸ್ ಕವಿಯು ‘ಪಾರಸಿಕರು’ ಎಂಬ ತನ್ನ ನಾಟಕವನ್ನು ಈ ಊರಿನಲ್ಲಿ ಆಡಿಸಿದ್ದನು. 16ನೆಯ ಶತಮಾನದಲ್ಲಿ ಸ್ಪೇನಿನ ಅಧಿಕಾರಿಗಳಿಗೆ ಓರ್ತೀಜಿಯದ ಸುತ್ತ ಕೋಟೆ ಬಲಪಡಿಸಬೇಕಾಯಿತು. ಕಲ್ಲಿಗಾಗಿ ಬೇರೆಲ್ಲೂ ಹೋಗದೆ ಇದೇ ನಾಟಕಶಾಲೆಯ ರಂಗವನ್ನೂ ಮೇಲಣ ಸಾಲುಗಳನ್ನೂ ಕಿತ್ತು ಒಯ್ದರು. ಮುಂದೆ 19ನೆಯ ಶತಮಾನದ ಕೊನೆಗೆ ಆ ಕೋಟೆಯು ಪಟ್ಟಣಕ್ಕೆ ಅಡಚಣೆಯೆಂದು ಅದರ ಬಹುಭಾಗವನ್ನು ಕೆಡವಿಬಿಟ್ಟರು! ಕೋಟೆ ಹೋಯಿತು, ಕಿತ್ತು ಉಳಿದ ನಾಟಕಶಾಲೆಯಲ್ಲಿ 1914ರಲ್ಲಿ ಈಸ್ಕಿಲಸನ ‘ಅಗಮೆಮ್ನಾನ್’ ನಾಟಕದೊಡನೆ ಪುನಃ ಆಟಗಳು ಆರಂಭವಾದುವು. ಯುದ್ಧಕಾಲದಲ್ಲಿ ನಿಂತರೂ ಮತ್ತೆ ಮೊದಲಾಗಿ, ಈಗ ಬೇಸಗೆಯ ಆದಿಯಲ್ಲಿ ವರ್ಷವರ್ಷವೂ ನಡೆಯುತ್ತಿವೆ. ಸವೆದ ಕಲ್ಲಿನ ಮೇಲೆ ಹಲಗೆ ಹಾಸಿ ಜನರನ್ನು ಕೂಡಿಸುತ್ತಾರೆ. ಆಟವು ಇಟಾಲಿಯನ್ ಭಾಷೆಯಲ್ಲಿ ನಡೆಯಿತು. ನಮಗೆ ಮಾತು ತಿಳಿಯದು. ಆದರೂ ಹೊತ್ತು ಮುಳುಗಿ, ಮಗನನ್ನು ಕಳೆದುಕೊಂಡ ತಾಯಿಯ ಪ್ರಲಾಪವು ಎದ್ದಾಗ ಮುಂದಿನ ಸಾಲಿನ ಹೆಂಗಸರು ಕಣ್ಣೊರಸಿಕೊಂಡರು. ನಮ್ಮ ಮನೆಯಾಕೆಯೂ ಸೆರಗನ್ನು ಕಣ್ಣಿಗೊತ್ತಿಕೊಂಡಳು. ಕರುಣರಸಕ್ಕೆ ಸಹೃದಯರು ಸಾಕೆಂದು ನಮ್ಮ ಆಲಂಕಾರಿಕರು ಸುಮ್ಮನೆ ಹೇಳಲಿಲ್ಲ.

ನಾಟಕಶಾಲೆಯ ಹತ್ತಿರವೇ ಕಲ್ಲುಗಣಿಗಳು. ಊರಿನ ಗುಡಿಗಳಿಗೂ ಮನೆಗಳಿಗೂ ಕಲ್ಲು ತೆಗೆದ ಮಹಾಕೂಪಗಳವು. ಒಂದರಲ್ಲಿ ‘ಡಯೊನೀಸಿಯಸನ ಕಿವಿ’ ಎಂಬ ಗುಹೆಯಿದೆ: 23 ಮೀಟರು ಎತ್ತರ, 65 ಮೀಟರು ಆಳ. ಒಳಗೆ ಕಾಗದ ಹರಿದರೂ ಗುಡುಗಿದಂತೆ ಕೇಳುವುದು. ಸೆರೆಯಾಳುಗಳ ಪಿಸುಮಾತನ್ನು ಅರಸನು ಮೇಲಿನಿಂದ ಕದ್ದು ಕೇಳುತ್ತಿದ್ದನೆಂದು ಕಥೆ. ಹೆಸರಿಟ್ಟವನು ಮಾತ್ರ 1608ರಲ್ಲಿ ಇಲ್ಲಿಗೆ ಬಂದಿದ್ದ ಚಿತ್ರಕಾರ ಕರವಾಜ್ಜೊ.

ಕಥೆ ಹಾಗಿರಲಿ, ನಿಜವಾಗಿ ನಡೆದುದು ಅದಕ್ಕಿಂತ ಘೋರವಾದುದು. ಕ್ರಿ. ಪೂ. 415ರಲ್ಲಿ ಅಥೆನ್ಸಿನವರು ಭಾರಿ ನೌಕಾಬಲದೊಡನೆ ಈ ಊರನ್ನು ಹಿಡಿಯಲು ಬಂದರು. 413ರಲ್ಲಿ ಊರವರು ಬಂದರಿನ ಬಾಯಿಗೆ ಹಡಗುಗಳನ್ನು ಅಡ್ಡಗಟ್ಟಿ ಅವರನ್ನು ಒಳಗೇ ಸಿಕ್ಕಿಸಿ ಸೋಲಿಸಿದರು. ಏಳು ಸಾವಿರಕ್ಕೆ ಕಡಿಮೆಯಿಲ್ಲದ ಸೆರೆಯಾಳುಗಳನ್ನು ಈ ಊರಿನ ಕಲ್ಲುಗಣಿಗಳಿಗೆ ತಳ್ಳಿದರೆಂದು ಥುಸಿಡಿಡೀಸನು ಬರೆದಿರುವನು. ಹಗಲು ಬಿಸಿಲು, ಇರುಳು ಚಳಿ. ಸತ್ತವರ ಹೆಣಗಳ ನಡುವೆಯೇ ಬದುಕಿದವರು. ಆಳೊಂದಕ್ಕೆ ದಿನಕ್ಕೆ ಸುಮಾರು ಕಾಲು ಲೀಟರು ನೀರು, ಅದರ ಇಮ್ಮಡಿ ಅಳತೆಯ ಧಾನ್ಯ. ಆದರೆ ಅವರಲ್ಲಿ ಕೆಲವರು ಯುರಿಪಿಡೀಸ್ ಕವಿಯ ಪದ್ಯಗಳನ್ನು ಬಾಯಲ್ಲಿ ಹೇಳಬಲ್ಲವರಾಗಿದ್ದರು. ಸಿಸಿಲಿಯ ಜನಕ್ಕೆ ಆ ಕವಿಯೆಂದರೆ ಪ್ರಾಣ. ಪದ್ಯ ಹೇಳಿಕೊಟ್ಟವರಿಗೆ ಬಿಡುಗಡೆಯಾಯಿತು, ಅನ್ನ ನೀರು ದೊರೆಯಿತು. ಅವರು ಊರು ಸೇರಿದ ಮೇಲೆ ಕವಿಯ ಮನೆಗೆ ಹೋಗಿ ಕೃತಜ್ಞತೆಯನ್ನು ಹೇಳಿದರೆಂದು ಪ್ಲೂಟಾರ್ಕನು ತಿಳಿಸುವನು. ಕಂಠಪಾಠವೆಂದರೆ ಮೂಗು ಮುರಿಯುವ ಈ ಕಾಲದ ಮಕ್ಕಳಿಗೆ ಈ ಸಂಗತಿಯನ್ನು ಹೇಳಬೇಕು. ಈಗ ಆ ಗಣಿಗಳಲ್ಲಿ ನಿಂಬೆ ಕಿತ್ತಳೆಗಳು ಬೆಳೆದಿವೆ. ‘ಕಿವಿ’ ಇರುವ ಗಣಿಗೆ ‘ಸ್ವರ್ಗ’ವೆಂದೇ ಹೆಸರು.

ಈ ಊರಿನ ಮಹಾಪುರುಷನಾದ ಆರ್ಕಿಮಿಡೀಸನನ್ನು ನೆನೆಯದೆ ಹಿಂತಿರುಗಲಾಗದು. ರೋಮನರು ಮುತ್ತಿದಾಗ ಇವನ ಯಂತ್ರಗಳು ಅವರನ್ನು ಬಹುಕಾಲ ತಡೆದುವು. ಕ್ರಿ. ಪೂ. 212ರಲ್ಲಿ ಊರು ಬಿದ್ದಾಗ ಒಬ್ಬ ಸಿಪಾಯಿಯು ಇವನನ್ನು ಕೊಂದನು. ಸ್ತಂಭಾಕೃತಿಯೊಳಗೆ ಸರಿಯಾಗಿ ಹಿಡಿಸುವ ಗೋಳದ ಘನಫಲವು ಆ ಸ್ತಂಭದ ಮೂರರಲ್ಲಿ ಎರಡು ಪಾಲು ಎಂದು ಸಾಧಿಸಿದ್ದೇ ಇವನಿಗೆ ಹೆಮ್ಮೆ. ಆ ಆಕೃತಿಯನ್ನೇ ಸಮಾಧಿಯ ಮೇಲೆ ಕೆತ್ತಿದ್ದರು. ಕ್ರಿ. ಪೂ. 75ರಲ್ಲಿ ಸಿಸಿಲಿಯಲ್ಲಿ ಅಧಿಕಾರದಲ್ಲಿದ್ದ ಸಿಸಿರೋ ವಿಚಾರಿಸಿದರೆ, ಅಂಥ ಸಮಾಧಿಯೇ ಇಲ್ಲವೆಂದು ಊರವರು ಹೇಳಿದರು. ಅವನೇ ಮುಳ್ಳುಪೊದೆಗಳನ್ನು ಕಡಿಸಿ ಗೋಳಸ್ತಂಭಗಳ ಗುರುತಿನಿಂದ ಅದನ್ನು ಕಂಡುಹಿಡಿದನು. ಈಗ ಅದು ಮತ್ತೆ ಕಳೆದುಹೋಗಿದೆ. ‘ಆರ್ಕಿಮಿಡೀಸನ ಸಮಾಧಿ’ ಎಂದು ತೋರಿಸುವ ಗುಹೆಯು ರೋಮನರ ಕಾಲದ ಬೇರೊಂದು ಗೋರಿ. ಕಲ್ಲು ಹೋದರೇನು? ಆ ಎರಡು–ಮೂರರ ಪ್ರಮಾಣವನ್ನು ಲೋಕದ ಪಾಠಶಾಲೆಗಳೆಲ್ಲ ಇಂದೂ ಹೇಳಿಕೊಡುತ್ತಿವೆ. 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿಯೂ ಗೋಳದ ಘನಫಲಕ್ಕೆ ಸರಿಯಾದ ಸೂತ್ರವುಂಟು.

ಮೂರನೆಯ ದಿನ ದೊಡ್ಡ ಬಂದರಿನ ಅಂಚಿಗೆ ಹೋಗಿ ಚಾನೆ ಎಂಬ ಕಿರುನದಿಯನ್ನು ದೋಣಿಯಲ್ಲಿ ಏರಿದೆವು. ಇಕ್ಕೆಲದಲ್ಲಿಯೂ ಪಪೈರಸ್ ಆಳೆತ್ತರಕ್ಕೂ ಮೀರಿ ಬೆಳೆದು ಜಡೆ ಕೆದರಿದಂತೆ ತೂಗಾಡುವುದು. ಯೂರೋಪಿನಲ್ಲಿ ಇದು ತಾನಾಗಿ ಬೆಳೆಯುವ ಸ್ಥಳಗಳು ಬಹಳ ವಿರಳ. ಇದರ ದಿಂಡನ್ನು ತೆಳ್ಳಗೆ ಸೀಳಿ, ಅಡ್ಡವೂ ಉದ್ದವೂ ಹಾಸಿ, ಒತ್ತಿ ಒಣಗಿಸಿದರೆ ಬರೆಯುವ ಹಾಳೆ. 18ನೆಯ ಶತಮಾನದಲ್ಲಿ ಇಲ್ಲಿಯ ಲಾಂದೊಲೀನ ಎಂಬ ವಿದ್ವಾಂಸನು ಮರೆತುಹೋಗಿದ್ದ ಈ ವಿದ್ಯೆಯನ್ನು ಪುನಃ ಸಾಧಿಸಿದನು. ಓಲೆಗರಿಯ ಮೇಲೆ ಕಂಠದಿಂದ ಕೊರೆದ ಗ್ರಂಥಗಳನ್ನು ನೋಡಿ ಬೆಳೆದ ನಮಗೆ ಆ ಜೊಂಡು ನೆಂಟನಂತೆ ಕಂಡಿತು. ಬಂದರಿನ ಆಚೆ ದಡದ ಪ್ಲೆಮ್ಮೀರಿಯೊ ಎಂಬ ಭೂಶಿರದ ಸುತ್ತಣ ಸಮುದ್ರವನ್ನು ಈಗ ರಕ್ಷಿತಪ್ರದೇಶವಾಗಿ ಕಾಯುತ್ತಾರೆ. ನೀರು ತಳ ಕಾಣುವಷ್ಟು ತಿಳಿ. ಉತ್ತರದ ಹೊಗೆಕೊಳವೆಗಳನ್ನು ಕಂಡವರಿಗೆ ಇದರ ಬೆಲೆ ತಿಳಿಯುವುದು.

ಹೋಗುವವರಿಗೆ ಒಂದೆರಡು ಮಾತು. ಜುಲೈ ಆಗಸ್ಟುಗಳಲ್ಲಿ ಬಿಸಿಲು ಸುಡುವುದು, ವಸಂತಕಾಲವೇ ಲೇಸು. ಗಣಿಗಳಿಗೆ ಮುಂಜಾನೆಯೇ ಹೋಗಬೇಕು. ಶಾಕಾಹಾರಿಗಳಿಗೆ ರೊಟ್ಟಿ, ಬದನೆಕಾಯಿಯ ಪಲ್ಯ, ಬಾದಾಮಿಯ ಹಾಲು ಯಥೇಚ್ಛ.

ಊರ ರಕ್ಷಕಿಯಾದ ಸಂತ ಲೂಸಿಯ ಇಲ್ಲಿಯ ಮಗಳು. ಡಿಸೆಂಬರ್ 13ರ ಅವಳ ಹಬ್ಬದ ದಿನ ಇಡಿಯ ಗೋಧಿಯನ್ನು ಬೇಯಿಸಿ ಸಿಹಿ ಸೇರಿಸಿ ತಿನ್ನುವರು. 1646ರ ಕ್ಷಾಮದಲ್ಲಿ ಧಾನ್ಯದ ಹಡಗು ಬಂದಾಗ ಹಸಿದ ಜನ ಬೀಸುವಷ್ಟು ತಾಳಲಾರದೆ ಹಾಗೆಯೇ ಬೇಯಿಸಿ ತಿಂದರೆಂದು ಹೇಳುವರು. ನಾವು ಇಳಿದುಕೊಂಡಿದ್ದ ಮನೆಯೊಡತಿ ಇದನ್ನು ವಿವರಿಸಿದಾಗ ನಮ್ಮ ಮನೆಯಾಕೆ, “ಇದು ನಮ್ಮ ಗುಗ್ಗರಿಯೇ ಸರಿ” ಎಂದಳು. ಆ ಕ್ಷಾಮವು ಕಳೆದುದರ ನೆನಪಿಗೆ ಮೇ ತಿಂಗಳ ಮೊದಲ ಭಾನುವಾರ ಇನ್ನೊಂದು ಹಬ್ಬವುಂಟು. ಅದಕ್ಕೆ ‘ಲಾವುಗೆಗಳ ಲೂಸಿಯ’ ಎಂದು ಹೆಸರು. ಹಿಂದೆ ಆ ದಿನ ಲಾವುಗೆಗಳನ್ನು ಹಾರಿಬಿಡುತ್ತಿದ್ದರಂತೆ; ಈಚೆಗೆ ಪಾರಿವಾಳಗಳನ್ನು ಬಿಡುವ ರೂಢಿ ಬಂದಿದೆ.

ಗೆದ್ದವರ ಕೋಟೆಗಳು ಇಲ್ಲಿ ಬಹುಮಟ್ಟಿಗೆ ಅಳಿದುವು. ಜಪಮಣಿಯ ಕೈಗೆ ಆಸರೆಯಾದ ಕಂಬ ಉಳಿಯಿತು. ಬಾಯಿಂದ ಬಾಯಿಗೆ ಬಂದ ಪದ್ಯ, ಪಾಠವಾಗಿ ಹರಿದ ಗಣಿತ, ಒಲೆಯ ಮೇಲೆ ಬೇಯುವ ಗೋಧಿ ಉಳಿದುವು. ತೋಳನ ಬಾಯಿಂದ ವರ್ತಿಕೆಯನ್ನು ಬಿಡಿಸಿದ ದೇವತೆಗಳು ಈ ಊರಿನಲ್ಲಿ ಯಾರೆಂದು ಯಾರಾದರೂ ಕೇಳಿದರೆ, ನಾವು ಈ ನಾಲ್ಕರ ಹೆಸರನ್ನು ಹೇಳುವೆವು.