ಹದಿನೆಂಟು ಅಡಿ ಉದ್ದದ ಆಸೆ

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ನೋವೈ ಎಂಬ ಊರಿದೆ. ಹೆಸರು ಕೇಳಿ ಗಾಬರಿಯಾಗಬೇಡಿ, ನಮ್ಮ ಕನ್ನಡದ ನೋವಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಮಗ ಅಲ್ಲಿ ಒಂದು ಮೋಟಾರು ಕಂಪನಿಯಲ್ಲಿ ಇಂಜಿನಿಯರ್. ಕಳೆದ ವರ್ಷ ಮೇ ತಿಂಗಳಲ್ಲಿ ಹಾಸನದ ಮನೆಗೆ ಬೀಗ ಹಾಕಿ, ಐದು ತಿಂಗಳು ಇದ್ದು ಬರೋಣವೆಂದು ಹೋಗಿದ್ದೆ. ಹೋದ ಎರಡನೇ ವಾರಕ್ಕೇ, ಎಪ್ಪತ್ತನಾಲ್ಕು ವರ್ಷದ ನಾನು ಒಂದು ಕಾರಿನ ಮೇಲೆ ಆಸೆಪಟ್ಟೆ. ಆ ಕಥೆ ಇದು.

ನೋವೈ ಅಂದವಾದ ಊರು. ಮನೆಗಳ ಮುಂದೆ ಹಸಿರು ಹುಲ್ಲು, ರಸ್ತೆಯುದ್ದಕ್ಕೂ ಮೇಪಲ್ ಮರಗಳು, ಬುಡದಲ್ಲಿ ಓಡಾಡುವ ದಪ್ಪ ಅಳಿಲುಗಳು. ಆ ಅಳಿಲುಗಳ ಬೆನ್ನ ಮೇಲೆ ನಮ್ಮ ರಾಮ ಎಳೆದ ಮೂರು ಗೆರೆಗಳಿಲ್ಲ! ಬೆಳಿಗ್ಗೆ ಎಂಟಕ್ಕೆ ಮಗ, ಸೊಸೆ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೊರಟರೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಗೋಡೆ ಗಡಿಯಾರ. ನನ್ನಾಕೆ ತೀರಿಕೊಂಡು ನಾಲ್ಕು ವರ್ಷವಾಯಿತು. ಹಾಸನದಲ್ಲಾದರೆ ಬೇಸರವಾದರೆ ಚಪ್ಪಲಿ ಮೆಟ್ಟಿ ಬೀದಿ ಕೊನೆಯ ಹೋಟೆಲಿಗೆ ಹೋಗಿ ಕಾಫಿ ಕುಡಿಯಬಹುದು, ನಾಲ್ಕು ಜನರನ್ನು ಮಾತನಾಡಿಸಬಹುದು. ಅಲ್ಲಿ ಹಾಲಿನ ಅಂಗಡಿಯೇ ನಾಲ್ಕು ಕಿಲೋಮೀಟರ್. ನಮ್ಮ ಬೀದಿಯಲ್ಲಿ ಬಸ್ಸು ಬಂದದ್ದನ್ನು ನಾನು ಕಾಣೆ. ಕಾರಿಲ್ಲದಿದ್ದರೆ ಕಾಲಿಲ್ಲದ ಹಾಗೆ.

ಒಂದು ದಿನ ಬೆಳಗಿನ ವಾಕಿಂಗ್‌ನಲ್ಲಿ, ಎರಡು ಬೀದಿ ಆಚೆಯ ಮನೆಯ ಮುಂದೆ ಅದನ್ನು ಕಂಡೆ. ಕಡು ನೀಲಿ ಬಣ್ಣದ, ಉದ್ದನೆಯ, ಹೊಳೆಯುವ ಕಾರು. ಗಾಜಿನ ಹಿಂದೆ ರಟ್ಟಿನ ಮೇಲೆ ಕೈಬರಹ: ‘ಮಾರಾಟಕ್ಕಿದೆ. 1995ರ ಲಿಂಕನ್ ಟೌನ್ ಕಾರ್. 2,500 ಡಾಲರ್.’

ನಾನು ಅಲ್ಲೇ ನಿಂತುಬಿಟ್ಟೆ. ನನ್ನ ಬಾಲ್ಯ ಸಕಲೇಶಪುರದ ಕಡೆಯ ಹಳ್ಳಿಯಲ್ಲಿ. ನಮ್ಮೂರಿನ ದಾರಿಯಲ್ಲಿ ಕಾಫಿ ತೋಟದ ಸಾಹುಕಾರರ ಡಾಡ್ಜ್ ಕಾರು ವಾರಕ್ಕೊಮ್ಮೆ ಹೋಗುತ್ತಿತ್ತು. ಅದರ ಧೂಳು ಕುಡಿಯುತ್ತ ನಾವು ಹುಡುಗರು ಹಿಂದೆ ಓಡುತ್ತಿದ್ದೆವು. ‘ಅಮೆರಿಕಾ ಕಾರು ಕಣೋ!’ ಎನ್ನುವುದೇ ಒಂದು ಹಬ್ಬ. ಅದರ ಬಾಗಿಲನ್ನು ಒಮ್ಮೆಯಾದರೂ ಮುಟ್ಟಬೇಕೆಂದಿದ್ದೆ, ಆಗಲೇ ಇಲ್ಲ. ಈಗ ಅರವತ್ತೈದು ವರ್ಷದ ಮೇಲೆ ಅಂಥದ್ದೇ ಒಂದು ಕಾರು, ಪಿಂಚಣಿದಾರನ ಕೈಗೆಟುಕುವ ಬೆಲೆಗೆ!

ಮಕ್ಕಳೇ, ಲಿಂಕನ್ ಎಂದರೆ ಗುಲಾಮಗಿರಿಯನ್ನು ತೊಡೆದ ಅಧ್ಯಕ್ಷ ಅಬ್ರಹಾಂ ಲಿಂಕನ್ ಅವರ ಹೆಸರೇ. ಹೆನ್ರಿ ಲೀಲ್ಯಾಂಡ್ ಎಂಬುವರು 1917ರಲ್ಲಿ ಈ ಕಂಪನಿಯನ್ನು ಕಟ್ಟಿ ಆ ಹೆಸರಿಟ್ಟರು. 1922ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡಿತು. ಇದರ ಎದುರಾಳಿ ಕ್ಯಾಡಿಲಾಕ್ ಕಾರಿಗೆ ಇಟ್ಟದ್ದು 1701ರಲ್ಲಿ ಡೆಟ್ರಾಯಿಟ್ ಊರನ್ನು ಸ್ಥಾಪಿಸಿದ ಫ್ರೆಂಚ್ ಅಧಿಕಾರಿಯ ಹೆಸರು. ಹೆನ್ರಿ ಫೋರ್ಡ್ ಬಿಟ್ಟುಬಂದ ಹಳೆಯ ಕಂಪನಿಯೊಂದನ್ನು ಕ್ಯಾಡಿಲಾಕ್ ಆಗಿ ಎತ್ತಿ ನಿಲ್ಲಿಸಿದವರೂ ಇದೇ ಲೀಲ್ಯಾಂಡ್!

ನನ್ನ ಹಾಸನದ ಕಾರು ಮಾರುತಿ 800. ಅದರ ಉದ್ದ ಸುಮಾರು 11 ಅಡಿ, ಇದರದ್ದು 18 ಅಡಿಗೂ ಸ್ವಲ್ಪ ಹೆಚ್ಚು. ಅದಕ್ಕೆ ಮೂರು ಸಿಲಿಂಡರಿನ 796 ಸಿ.ಸಿ. ಇಂಜಿನ್, ಇದಕ್ಕೆ ಎಂಟು ಸಿಲಿಂಡರಿನ 4,600 ಸಿ.ಸಿ. ಇಂಜಿನ್. ಮುಂದಿನ ಸೀಟು ನಮ್ಮ ಹಳೆಯ ಅಂಬಾಸಿಡರಿನ ಹಾಗೆ ಸೋಫಾದಂತೆ ಅಗಲ. ಗೇರಿನ ಹಿಡಿಯೂ ಅಂಬಾಸಿಡರಿನಂತೆಯೇ ಸ್ಟೇರಿಂಗಿನ ಪಕ್ಕಕ್ಕೆ. ಮುಂದೆ ಮೂವರು, ಹಿಂದೆ ಮೂವರು ಕಾಲು ಚಾಚಿ ಕೂರಬಹುದು.

ರಾತ್ರಿ ಊಟದ ಹೊತ್ತಿಗೆ ಮೆಲ್ಲಗೆ ಮಾತೆತ್ತಿದೆ. “ಅಪ್ಪಾ, ಮೂವತ್ತು ವರ್ಷದ ಕಾರು ಅದು!” ಎಂದ ಮಗ. ಮೊಮ್ಮಗಳಿಗೆ ಹದಿನಾರು ತುಂಬಿ, ಆಗಷ್ಟೇ ಲೈಸೆನ್ಸಿನ ತಯಾರಿ ನಡೆದಿತ್ತು. ನಾನು ಅವಳನ್ನೇ ಮುಂದೆ ಮಾಡಿದೆ. “ಪುಟ್ಟಿಗೆ ಕಲಿಯೋಕೆ ಗಟ್ಟಿ ಗಾಡಿ ಬೇಕಲ್ಲಪ್ಪ” ಎಂದೆ. ಸೊಸೆ ನಕ್ಕು, “ನೋಡಿಕೊಂಡು ಬನ್ನಿ ಮಾವ, ನೋಡೋದಕ್ಕೆ ದುಡ್ಡಿಲ್ಲವಲ್ಲ” ಎಂದಳು.

ಶನಿವಾರ ಮೂವರೂ ಹೋದೆವು. ಕಾರಿನ ಯಜಮಾನರಿಗೆ ಎಂಬತ್ಮೂರು ವರ್ಷ. ಎತ್ತರದ ಆಳು, ಕೈಗಳು ಮಾತ್ರ ನಮ್ಮ ಕಮ್ಮಾರರ ಕೈಗಳಂತೆ ದಪ್ಪ. ನಾನು ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು ಎಂದು ತಿಳಿದ ಕೂಡಲೇ ನನ್ನನ್ನು ‘ಬ್ಯಾಂಕರ್’ ಎಂದು ಕರೆಯತೊಡಗಿದರು. ಗುಮಾಸ್ತನಾಗಿದ್ದೆ ಎಂದು ತಿದ್ದಲು ಹೋಗಲಿಲ್ಲ. ಸಿಕ್ಕ ಬಡ್ತಿಯನ್ನು ಯಾರು ಬೇಡ ಅನ್ನುತ್ತಾರೆ!

ಮೊಮ್ಮಗಳು ಮುಂದಿನ ಗಾಜಿನ ಮೂಲೆಯಲ್ಲಿದ್ದ ಚಾಸಿ ನಂಬರನ್ನು ಓದಿದಳು. 1981ರ ಈಚೆಗೆ ಅಲ್ಲಿನ ಎಲ್ಲ ಕಾರುಗಳಿಗೂ ಹದಿನೇಳು ಅಕ್ಷರ-ಅಂಕಿಗಳ ನಂಬರು ಇರುತ್ತದೆ. 1, 0 ಎಂಬ ಅಂಕಿಗಳೊಂದಿಗೆ ಗೊಂದಲ ಆಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಮೊದಲನೆಯದು 1 ಇದ್ದರೆ ಅಮೆರಿಕದಲ್ಲಿ ತಯಾರಾದದ್ದು. ಹತ್ತನೆಯದು ಎಸ್, ಅಂದರೆ 1995ರ ಮಾದರಿ. ಹನ್ನೊಂದನೆಯದು ಕಾರ್ಖಾನೆಯ ಗುರುತು. ಈ ಕಾರಿನದು ವೈ.

“ವೈ ಅಂದರೆ ನಾನು” ಎಂದರು ಯಜಮಾನರು. ವೈ ಎಂದರೆ ನೋವೈಗೆ ಅಂಟಿಕೊಂಡಿರುವ ವಿಕ್ಸಮ್ ಊರಿನ ಕಾರ್ಖಾನೆ. ಮೂವತ್ತು ವರ್ಷ ಅವರು ಅಲ್ಲಿ ಬಾಗಿಲು ಕೂರಿಸುವ ಸಾಲಿನಲ್ಲಿದ್ದರಂತೆ. ಹಿಂದಿನ ಬಾಗಿಲನ್ನು ತೆಗೆದು, ಬೆರಳ ತುದಿಯಿಂದ ತಳ್ಳಿದರು. ಅದು ‘ಧಪ್’ ಎಂದು ಕೂತಿತು. “ಹೀಗೇ ಕೇಳಿಸಬೇಕು” ಎಂದರು.

ಹಳೆಯ ಕಾರು ನೋಡುವ ವಿದ್ಯೆಯನ್ನು ಮಗ ಹೇಳಿಕೊಟ್ಟ. ಮಿಶಿಗನ್ನಿನಲ್ಲಿ ಇಂಜಿನಿಗಿಂತ ಮೊದಲು ಕಾರಿನ ಹೊಟ್ಟೆ ನೋಡಬೇಕು. ಚಳಿಗಾಲದಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚುತ್ತಾರೆ, ಆ ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತದೆ. ಸೋಜಿಗವೇನು ಗೊತ್ತೇ? ಡೆಟ್ರಾಯಿಟ್ ನಗರದ ಅಡಿಯಲ್ಲೇ, 1,100 ಅಡಿಗೂ ಹೆಚ್ಚು ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯಿದೆ. ನಮ್ಮ ಶ್ರವಣಬೆಳಗೊಳದ ವಿಂಧ್ಯಗಿರಿಯ ಎತ್ತರದ ಎರಡರಷ್ಟಕ್ಕಿಂತ ಹೆಚ್ಚು ಆಳ! ಮೇಲೆ ಕಾರು ಮಾಡುವ ಊರು, ಕೆಳಗೆ ಕಾರು ತಿನ್ನುವ ಉಪ್ಪು.

ತುಕ್ಕಿನ ತೂತಿಗೆ ಮೇಣದಂಥ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಕಣ್ಣಿಗೆ ಕಾಣದು, ಆದರೆ ಅಲ್ಲಿ ಅಯಸ್ಕಾಂತ ಅಂಟುವುದಿಲ್ಲ. ಅದಕ್ಕೆ ಮೊಮ್ಮಗಳು ಫ್ರಿಜ್ಜಿನ ಮೇಲಿದ್ದ ಮೈಸೂರು ಅರಮನೆಯ ಅಯಸ್ಕಾಂತವನ್ನು ತಂದಿದ್ದಳು. ಚಕ್ರದ ಮೇಲಿನ ಕಮಾನು, ಬಾಗಿಲಿನ ಕೆಳ ಅಂಚು, ಎಲ್ಲ ಕಡೆ ಅರಮನೆ ಗಟ್ಟಿಯಾಗಿ ನಿಂತಿತು. ಚಳಿಗಾಲವಿಡೀ ಯಜಮಾನರು ಈ ಕಾರನ್ನು ಹೊರಗೆ ತೆಗೆಯುತ್ತಿರಲಿಲ್ಲವಂತೆ. ಹಿಂದಿನ ಚಕ್ರಗಳಿಗೆ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರಿನ ಚೀಲಗಳಿವೆ. ಅವು ಬಿರಿದಿದ್ದರೆ ರಾತ್ರಿ ಕಳೆಯುವಷ್ಟರಲ್ಲಿ ಕಾರಿನ ಹಿಂಭಾಗ ಕೂತಿರುತ್ತದೆ. ಅದನ್ನು ನಾನು ಮೂರು ದಿನ ಬೆಳಗಿನ ವಾಕಿಂಗ್‌ನಲ್ಲೇ ನೋಡಿಕೊಂಡಿದ್ದೆ. ಕಾರು ಕೂತಿರಲಿಲ್ಲ. ಮೀಟರು 1,18,000 ಮೈಲಿ ತೋರಿಸುತ್ತಿತ್ತು. ಸುಮಾರು 1,90,000 ಕಿಲೋಮೀಟರ್. ಭೂಮಿಯನ್ನು ನಾಲ್ಕೂಮುಕ್ಕಾಲು ಸಲ ಸುತ್ತಿದಂತೆ!

ಕಾಗದಪತ್ರ ನನ್ನ ಪಾಲಿಗೆ. ನಮ್ಮ ಆರ್.ಸಿ. ಪುಸ್ತಕದ ಹಾಗೆ ಅಲ್ಲಿ ‘ಟೈಟಲ್’ ಎಂಬ ಕಾಗದ. ಅದರಲ್ಲಿ ಸಾಲ ಕೊಟ್ಟವರ ಹೆಸರಿದ್ದರೆ ಮೊದಲು ಅದು ತೀರಬೇಕು. ತಿರುಗಿಸಿ ನೋಡಿದೆ. ಸಾಲವಿಲ್ಲ, ಒಬ್ಬರೇ ಯಜಮಾನರು.

“ಕೂತು ನೋಡಿ, ಬ್ಯಾಂಕರ್” ಎಂದು ಕೀಲಿ ಕೊಟ್ಟರು. ಅಭ್ಯಾಸಬಲದಿಂದ ಬಲಗಡೆಯ ಬಾಗಿಲಿಗೆ ಹೋದೆ. ಮೊಮ್ಮಗಳು ನಗುತ್ತ ಎಡಕ್ಕೆ ಕರೆತಂದಳು. ಕೂತೆ. ಕೀಲಿ ತಿರುಗಿಸಿದರೆ ಇಂಜಿನ್ ಶುರುವಾದದ್ದೇ ಗೊತ್ತಾಗಲಿಲ್ಲ. ಉದ್ದನೆಯ ಬಾನೆಟ್ಟಿನ ತುದಿಯಲ್ಲಿ ಸಣ್ಣ ಲಾಂಛನ ಹೊಳೆಯುತ್ತಿತ್ತು. ಒಂದು ನಿಮಿಷ ನಾನೇ ತೋಟದ ಸಾಹುಕಾರ.

“ಇಷ್ಟು ಚೆನ್ನಾಗಿದೆ, ಯಾಕೆ ಮಾರುತ್ತೀರಿ?” ಎಂದು ಕೇಳಿದೆ.

ಅವರು ಕಾರಿನ ಮೇಲೆ ಕೈಯಿಟ್ಟುಕೊಂಡು ಹೇಳಿದರು. ಮಾರ್ಚ್ ತಿಂಗಳ ಒಂದು ಸಂಜೆ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದರಂತೆ. ನೆರೆಮನೆಯ ಹುಡುಗ ಸೈಕಲ್ಲಿನಲ್ಲಿ ಬಂದದ್ದು ಕಾಣಲಿಲ್ಲ. ಹುಡುಗ ಕೂಗಿಕೊಂಡ, ಬ್ರೇಕ್ ಹಾಕಿದರು. ಒಂದು ಮೊಳ ಅಂತರ. ಹುಡುಗನಿಗೆ ಏನೂ ಆಗಲಿಲ್ಲ. “ಯಾರೂ ನನ್ನನ್ನು ಬೈಯಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಆ ರಟ್ಟನ್ನು ಬರೆದೆ” ಎಂದರು.

ನಾನು ಇಂಜಿನ್ ಆರಿಸಿ ಕೆಳಗಿಳಿದೆ.

ಆ ರಾತ್ರಿ ಮೊಮ್ಮಗಳೂ ನಾನೂ ಲೆಕ್ಕಕ್ಕೆ ಕೂತೆವು. ಬೆಲೆ 2,500. ಮಿಶಿಗನ್ನಿನ ಮಾರಾಟ ತೆರಿಗೆ ನೂರಕ್ಕೆ 6ರಂತೆ 150. ನಾಲ್ಕು ಹೊಸ ಟೈರು. ಒಂದು ಗ್ಯಾಲನ್ ಪೆಟ್ರೋಲಿಗೆ, ಅಂದರೆ 3.785 ಲೀಟರಿಗೆ, ಸುಮಾರು 20 ಮೈಲಿ. ಲೀಟರಿಗೆ ಎಂಟೂವರೆ ಕಿಲೋಮೀಟರ್. ಕೊನೆಗೆ ವಿಮೆ. ಹದಿನಾರು ವರ್ಷದವರು ಓಡಿಸುವುದಾದರೆ ವರ್ಷದ ವಿಮೆಯೇ ಕಾರಿನ ಬೆಲೆಯನ್ನು ದಾಟಿತು! ಹೊಸದರಲ್ಲಿ 36,000 ಡಾಲರಿಗೂ ಮೇಲಿದ್ದ ಕಾರು ಅಗ್ಗಕ್ಕೆ ಸಿಗಬಹುದು, ಆದರೆ ಅದರ ಹಸಿವು ಅಗ್ಗವಾಗಿರುವುದಿಲ್ಲ.

ಮೊಮ್ಮಗಳು ಪೆನ್ನು ಕೆಳಗಿಟ್ಟು ಕೇಳಿದಳು: “ತಾತ, ನಿಜ ಹೇಳಿ. ಈ ಕಾರು ನನಗಾ, ನಿಮಗಾ?”

ನಾನು ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. “ನನಗೇ ಕಣಮ್ಮ” ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಫೆಬ್ರವರಿಯಲ್ಲಿ ಹಾಸನದಲ್ಲಿ ನಡೆದದ್ದನ್ನೂ ಹೇಳಿದೆ. ಸಂಜೆ ಏಳು ಗಂಟೆ, ಎದುರಿನ ಲಾರಿಯ ದೀಪ ಕಣ್ಣಿಗೆ ಚದುರಿದಂತಾಗಿ ರಸ್ತೆ ಪಕ್ಕದ ತರಕಾರಿ ಗಾಡಿಗೆ ತಗುಲಿಸಿದ್ದೆ. ಟೊಮೆಟೊ ರಸ್ತೆ ತುಂಬ ಚೆಲ್ಲಿದವು. ಗಾಡಿಯ ಹೆಂಗಸು ಅದೃಷ್ಟಕ್ಕೆ ಆಚೆ ಬದಿಯಲ್ಲಿದ್ದರು. ಐನೂರು ರೂಪಾಯಿ ಕೊಟ್ಟು ಬಂದೆ. ಮಗ ಫೋನಿನಲ್ಲಿ ಕೇಳಿದಾಗ, ಕಾರಿಗೆ ಕಲ್ಲು ತಾಗಿದ್ದು ಎಂದಿದ್ದೆ. ಮೂವತ್ತಾರು ವರ್ಷ ಒಂದು ಪೈಸೆ ತಪ್ಪಿದರೂ ಲೆಕ್ಕ ಹುಡುಕಿದ ಮನುಷ್ಯ, ಇದೊಂದನ್ನು ಪುಸ್ತಕಕ್ಕೇ ಬರೆದಿರಲಿಲ್ಲ.

ಅವಳು ಎದ್ದು ಬಂದು ನನ್ನ ಪಕ್ಕ ಕೂತಳು. “ಅಪ್ಪನಿಗೆ ನೀವೇ ಹೇಳ್ತೀರಾ?” ಎಂದಳು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಹೇಳಿದೆ. ಮಗ ಬೈಯಲಿಲ್ಲ. “ಊರಿಗೆ ಹೋದ ಮೇಲೆ ಕಣ್ಣು ತೋರಿಸಿ ಅಪ್ಪಾ” ಎಂದ, ಅಷ್ಟೇ.

ಕಾರು ಬೇಡವೆಂದು ಹೇಳಲು ಯಜಮಾನರ ಮನೆಗೆ ನಾನೊಬ್ಬನೇ ನಡೆದು ಹೋದೆ. ಅವರಿಗೆ ಬೇಸರವಾಗಲಿಲ್ಲ. “ಹಾಗಾದರೆ ಒಂದು ಸುತ್ತು ಹೋಗೋಣ, ನಿಮ್ಮ ಮಗ ಓಡಿಸಲಿ” ಎಂದರು. ಭಾನುವಾರ ನಾಲ್ವರೂ ಆ ಕಾರಿನಲ್ಲೇ ವಿಕ್ಸಮ್‌ಗೆ ಹೊರಟೆವು. ರಸ್ತೆಯ ಮೇಲೆ ತೆಪ್ಪದಲ್ಲಿ ತೇಲಿದ ಹಾಗಿತ್ತು. 1957ರಲ್ಲಿ ಶುರುವಾದ ಆ ಕಾರ್ಖಾನೆಯನ್ನು 2007ರಲ್ಲಿ ಮುಚ್ಚಿ, ಆಮೇಲೆ ಕೆಡವಿದರು. ಅಧ್ಯಕ್ಷ ಕೆನಡಿ ಅವರು ಕೊನೆಯ ಪಯಣ ಮಾಡಿದ 1961ರ ಲಿಂಕನ್ ಕಾರೂ ಇಲ್ಲಿಯೇ ತಯಾರಾದದ್ದು. ಅದು ಈಗ ಡಿಯರ್‌ಬಾರ್ನ್ ಊರಿನ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಹೆದ್ದಾರಿಯ ಪಕ್ಕದ ಆ ಜಾಗದಲ್ಲಿ ಮಗ ಕಾರು ನಿಲ್ಲಿಸಿದ. ಯಜಮಾನರು ಕಿಟಕಿಯಿಂದ ಬೆರಳು ತೋರಿಸಿ, “ಅಲ್ಲಿ ನನ್ನ ಸಾಲು” ಎಂದರು. ಬೇರೇನೂ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮೂರು ವಾರದಲ್ಲಿ ಕಾರು ಬೇರೆ ಯಾರಿಗೋ ಮಾರಾಟವಾಯಿತು. ಆ ಬೇಸಿಗೆಯಿಡೀ ನಾನು ದಿನವೂ ಹತ್ತು ಗಂಟೆಗೆ ಅವರ ಜಗಲಿಗೆ ನಡೆದು ಹೋಗುತ್ತಿದ್ದೆ. ಫ್ಲಾಸ್ಕಿನಲ್ಲಿ ನಮ್ಮ ಫಿಲ್ಟರ್ ಕಾಫಿ ಒಯ್ಯುತ್ತಿದ್ದೆ, ಅವರು ಬಿಸ್ಕತ್ತು ತರುತ್ತಿದ್ದರು. ಕಾರಿಲ್ಲದ ಇಬ್ಬರು ಮುದುಕರು ರಸ್ತೆಯಲ್ಲಿ ಹೋಗುವ ಕಾರುಗಳ ಬಾಗಿಲಿನ ಸದ್ದಿಗೆ ಅಂಕ ಕೊಡುತ್ತಿದ್ದೆವು.

ಅಕ್ಟೋಬರಿನಲ್ಲಿ ಹಾಸನಕ್ಕೆ ಮರಳಿದೆ. ಕಣ್ಣಿನ ಡಾಕ್ಟರು ಎರಡೂ ಕಣ್ಣಿನಲ್ಲಿ ಪೊರೆ ಬಂದಿದೆ ಎಂದರು. ಒಂದಕ್ಕೆ ಆಪರೇಷನ್ ಆಗಿದೆ, ಇನ್ನೊಂದು ಯುಗಾದಿ ಕಳೆದ ಮೇಲೆ. ಅಲ್ಲಿಯವರೆಗೆ ಮಾರುತಿಯ ಕೀಲಿ ಪಕ್ಕದ ಮನೆಯ ಮೇಷ್ಟ್ರ ಹತ್ತಿರವಿದೆ. ತರಕಾರಿಯನ್ನು ನಡೆದುಹೋಗಿಯೇ ತರುತ್ತೇನೆ, ಟೊಮೆಟೊ ಆ ಹೆಂಗಸಿನ ಗಾಡಿಯಲ್ಲೇ.